ಸೊ, ಪೋಸ್ಸೊ, ರಿಯೇಸ್ಕೊ: ಇಟಾಲಿಯನ್‌ನಲ್ಲಿ ‘ಬರುತ್ತೆ’, ‘ಆಗುತ್ತೆ’, ‘ಬಹುದು’ ಹೇಳೋದು ಹೇಗೆ?

ಹಾಸನದ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಓದಲು ಟ್ಯೂರಿನ್‌ಗೆ ಬಂದು ಐದು ತಿಂಗಳಾಯಿತು. ತರಗತಿಗಳು ಇಂಗ್ಲಿಷ್‌ನಲ್ಲಿ ನಡೆಯುತ್ತವೆ. ಆದರೆ ಹೊರಗೆ ಕಾಲಿಟ್ಟರೆ ಇಟಾಲಿಯನ್ ಬೇಕೇ ಬೇಕು. ಪದಗಳನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಂಡು ಕಲಿಯುತ್ತಿದ್ದೇನೆ. ನಮ್ಮ ಒತ್ತಕ್ಷರಗಳು ಇಟಾಲಿಯನ್‌ಗೆ ಚೆನ್ನಾಗಿ ಹೊಂದುತ್ತವೆ, ಇಲ್ಲೂ ಹಾಗೇ ಬರೆಯುತ್ತೇನೆ.

ಕಳೆದ ವಾರ ಒಂದು ಈಜುಕೊಳಕ್ಕೆ ಹೋಗಿದ್ದೆ. ನನಗೆ ಈಜು ಬರಲ್ಲ, ಹೊಸಬರ ಕ್ಲಾಸಿಗೆ ಸೇರಿಸಿಕೊಳ್ಳಿ ಎಂದು ಕೇಳಬೇಕಿತ್ತು. ಬಾಯಿಂದ ಬಂದದ್ದು ‘ನೊನ್ ಪೋಸ್ಸೊ ನುವೊತಾರೆ’. ಕೌಂಟರಿನಲ್ಲಿದ್ದವರ ಮುಖ ತಟ್ಟನೆ ಬದಲಾಯಿತು. ಆರೋಗ್ಯದ ತೊಂದರೆ ಏನಾದರೂ ಇದೆಯಾ ಎಂದು ಕೇಳಿದರು. ಡಾಕ್ಟರು, ಕಿವಿ, ಹೃದಯ ಎಂದೆಲ್ಲ ಮಾತು ಹೋಯಿತು. ನನಗೆ ಅರ್ಧವೂ ತಿಳಿಯಲಿಲ್ಲ. ಫಾರಂ ತುಂಬದೆ ವಾಪಸ್ ಬಂದೆ. ಆ ದಿನ ತುಂಬಾ ಬೇಜಾರಾಯಿತು.

ಪುಸ್ತಕದಲ್ಲಿ ‘ಪೊತೇರೆ’ (‘ನಾನು’ ಎಂದಾಗ ‘ಪೋಸ್ಸೊ’) ಎಂಬ ಕ್ರಿಯಾಪದದ ಮುಂದೆ ಇಂಗ್ಲಿಷ್‌ನ ಕ್ಯಾನ್ ಎಂದೇ ಬರೆದಿದೆ. ‘ಸಪೇರೆ’ (‘ನಾನು’ ಎಂದಾಗ ‘ಸೊ’) ಮುಂದೆಯೂ ಅದೇ ಇದೆ. ‘ರಿಯುಶ್ಶೀರೆ’ (‘ನಾನು’ ಎಂದಾಗ ‘ರಿಯೇಸ್ಕೊ’) ಮುಂದೆಯೂ ಅದೇ. ಹಾಗಾದರೆ ಯಾವುದನ್ನು ಯಾವಾಗ ಹೇಳಬೇಕು?

ಒಂಬತ್ತು ವರ್ಷ ಮಿಲಾನ್

ನೀವು ಹೇಳಿದ ವಾಕ್ಯದ ವ್ಯಾಕರಣ ಸರಿಯಾಗಿಯೇ ಇದೆ. ಅದಕ್ಕೇ ಅವರು ನಂಬಿದರು. ‘ನೊನ್ ಪೋಸ್ಸೊ ನುವೊತಾರೆ’ ಎಂದರೆ ‘ಈಜೋಕೆ ಆಗಲ್ಲ, ಏನೋ ಅಡ್ಡಿ ಇದೆ’ ಎಂದು ಕೇಳಿಸುತ್ತದೆ. ಕಿವಿ ನೋವಿರಬಹುದು, ಡಾಕ್ಟರು ಬೇಡ ಎಂದಿರಬಹುದು. ನಿಮಗೆ ಬೇಕಾಗಿದ್ದದ್ದು ‘ನೊನ್ ಸೊ ನುವೊತಾರೆ’. ಈಜು ಬರಲ್ಲ, ಕಲಿತಿಲ್ಲ ಎಂದು.

ಕಲಿತು ಬರುವ ಯಾವ ವಿದ್ಯೆಗೂ ಸಪೇರೆ. ಈಜು, ಗಾಡಿ, ಅಡುಗೆ, ಪಿಟೀಲು. ಸೊ ಗ್ವಿದಾರೆ, ನನಗೆ ಗಾಡಿ ಓಡಿಸೋಕೆ ಬರುತ್ತೆ. ಆದರೆ ಕೈಗೆ ಪೆಟ್ಟಾಗಿದ್ದರೆ ‘ಸೊ ಗ್ವಿದಾರೆ, ಮಾ ಓಜ್ಜಿ ನೊನ್ ಪೋಸ್ಸೊ’. ಓಡಿಸೋಕೆ ಬರುತ್ತೆ, ಇವತ್ತು ಆಗಲ್ಲ.

ಇಂಗ್ಲಿಷ್ ದಾರಿಯಲ್ಲಿ ಹೋಗಬೇಡಿ ಎಂದು ನಾನು ಹೊಸಬರಿಗೆಲ್ಲ ಹೇಳುತ್ತೇನೆ. ಇಂಗ್ಲಿಷ್‌ನಲ್ಲಿ ಇದೆಲ್ಲವೂ ಒಂದೇ ಪದದಲ್ಲಿ ಮುಗಿದುಹೋಗುತ್ತದೆ. ಕನ್ನಡದಲ್ಲಿ ನಾವು ಹುಟ್ಟಿನಿಂದಲೇ ಬೇರೆ ಬೇರೆಯಾಗಿ ಹೇಳುತ್ತೇವೆ. ‘ನನಗೆ ಈಜು ಬರಲ್ಲ’ ಎನ್ನುವುದಕ್ಕೂ ‘ಇವತ್ತು ಈಜೋಕಾಗಲ್ಲ’ ಎನ್ನುವುದಕ್ಕೂ ನಮ್ಮಲ್ಲಿ ಮಕ್ಕಳಿಗೂ ಗೊಂದಲ ಇಲ್ಲ ಅಲ್ವಾ? ಇಟಾಲಿಯನ್ ಕೂಡ ಹೀಗೇ ಬೇರೆ ಮಾಡುತ್ತದೆ. ನೀವು ಮನಸ್ಸಿನಲ್ಲಿ ಮೊದಲು ಕನ್ನಡದಲ್ಲಿ ಹೇಳಿಕೊಂಡಿದ್ದರೆ ಆ ಕೌಂಟರಿನಲ್ಲಿ ತಪ್ಪುತ್ತಿರಲಿಲ್ಲ.

ಧಾರವಾಡದ ಕನ್ನಡ ಮೇಷ್ಟ್ರು

ನಾನು ನಿವೃತ್ತ ಶಿಕ್ಷಕ. ಮಗಳು ಬೊಲೋಞಾದಲ್ಲಿದ್ದಾಳೆ. ಮೊಮ್ಮಗನ ಜೊತೆ ಮಾತಾಡಲು ಎರಡು ವರ್ಷದಿಂದ ಇಟಾಲಿಯನ್ ಕಲಿಯುತ್ತಿದ್ದೇನೆ.

ಮಿಲಾನ್‌ನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸಪೇರೆ ಎಂದರೆ ಮೊದಲು ‘ತಿಳಿ’ ಎಂದು ಅರ್ಥ. ತಿಳಿದವನಿಗೆ ಬರುತ್ತದೆ. ನಮ್ಮ ‘ಬಲ್ಲ’ ಕೂಡ ಹೀಗೆಯೇ. ‘ನಾ ಬಲ್ಲೆ’ ಎಂದರೆ ನನಗೆ ಗೊತ್ತು. ‘ಹಾಡಬಲ್ಲೆ’ ಎಂದರೆ ನನಗೆ ಹಾಡು ಬರುತ್ತದೆ. ತಿಳಿವು ಮತ್ತು ಕಸುಬು ಎರಡೂ ಒಂದೇ ಪದದಲ್ಲಿ ಇವೆ. ‘ಸೊ’ ಎಂದು ಕೇಳಿದಾಗಲೆಲ್ಲ ನನಗೆ ‘ಬಲ್ಲೆ’ ಎಂದೇ ಕೇಳಿಸುತ್ತದೆ.

ಇನ್ನೊಂದು ಸೊಗಸು ಇದೆ. ಲ್ಯಾಟಿನ್‌ನಲ್ಲಿ ಈ ಪದಕ್ಕೆ ರುಚಿ ಎಂಬ ಅರ್ಥವೂ ಇತ್ತು. ಇಟಾಲಿಯನ್‌ನಲ್ಲಿ ಇಂದಿಗೂ ಉಳಿದಿದೆ. ‘ಸಾ ದಿ ಲಿಮೋನೆ’ ಎಂದರೆ ನಿಂಬೆಹಣ್ಣಿನ ರುಚಿ ಇದೆ. ‘ನೊನ್ ಸಾ ದಿ ನ್ಯೆಂತೆ’ ಎಂದರೆ ಸಪ್ಪೆ, ಏನೂ ರುಚಿ ಇಲ್ಲ. ಇದನ್ನು ಓದಿದ ದಿನ ನನಗೆ ‘ಬಲ್ಲವನೇ ಬಲ್ಲ ಬೆಲ್ಲದ ರುಚಿಯ’ ಎಂಬ ಗಾದೆ ನೆನಪಾಗಿ ಸುಮ್ನೆ ಕೂತುಬಿಟ್ಟೆ. ಎಲ್ಲಿಯ ರೋಮ್, ಎಲ್ಲಿಯ ಧಾರವಾಡ. ಬಲ್ಲಿಕೆ ಮತ್ತು ರುಚಿ ಎರಡೂ ಕಡೆ ಜೊತೆಗೇ ಇವೆ.

ಹಾಸನದ ಹುಡುಗಿ

ಮೇಷ್ಟ್ರೇ, ಇದು ನಾನು ಮರೆಯುವುದಿಲ್ಲ. ಆದರೆ ನಿಜ ಹೇಳಬೇಕೆಂದರೆ ನಮ್ಮ ಮನೆಯಲ್ಲಿ ಯಾರೂ ‘ಈಜಬಲ್ಲೆ’ ಎನ್ನುವುದಿಲ್ಲ. ‘ಈಜು ಬರುತ್ತೆ’ ಎನ್ನುತ್ತೇವೆ. ಹಾಗೆ ನೆನೆದು ನಾನು ‘ಮಿ ಸಾ ನುವೊತಾರೆ’ ಎಂದು ಬರೆದಿದ್ದೆ. ನನಗೆ, ಅಂದರೆ ‘ಮಿ’. ಟೀಚರ್ ಕೆಂಪು ಗೆರೆ ಎಳೆದರು.

ಒಂಬತ್ತು ವರ್ಷ ಮಿಲಾನ್

ಹೌದು, ಅಲ್ಲಿ ಎಚ್ಚರ ಬೇಕು. ಸಪೇರೆಗೆ ‘ನಾನು’ ಬೇಕು, ‘ನನಗೆ’ ಅಲ್ಲ. ಸೊ, ಸಾಯ್, ಸಾ, ಸಪ್ಪ್ಯಾಮೊ, ಸಪೇತೆ, ಸಾನ್ನೊ. ಇಲ್ಲಿ ಮೇಷ್ಟ್ರ ‘ಬಲ್ಲೆ’ ನಿಮಗೆ ಜಾಸ್ತಿ ಸಹಾಯ ಮಾಡುತ್ತದೆ. ಬಲ್ಲೆ, ಬಲ್ಲೆ, ಬಲ್ಲಳು, ಬಲ್ಲೆವು ಎಂದು ಆಳು ನೋಡಿ ಬದಲಾಗುತ್ತದಲ್ಲ, ಹಾಗೆ.

ಆದರೆ ನಿಮ್ಮ ‘ನನಗೆ ಬರುತ್ತೆ’ ಕೂಡ ವ್ಯರ್ಥವಲ್ಲ. ಇಟಲಿಯಲ್ಲಿ ಅಡುಗೆ ಮಾತಾಡುವಾಗ ಗಮನಿಸಿ. ‘ಲಾ ಪಾಸ್ತಾ ಫ್ರೆಸ್ಕಾ ಮಿ ವ್ಯೇನೆ ಬೇನೆ’ ಎನ್ನುತ್ತಾರೆ. ಒಂದೊಂದು ಪದವನ್ನೂ ಬಿಡಿಸಿದರೆ ‘ಹಸಿ ಪಾಸ್ತಾ ನನಗೆ ಚೆನ್ನಾಗಿ ಬರುತ್ತೆ’. ನಮ್ಮದೇ ವಾಕ್ಯ! ಮಾತಾಡುತ್ತಾ ಪದ ಸಿಗದೆ ನಿಂತರೆ ‘ನೊನ್ ಮಿ ವ್ಯೇನೆ’ ಎನ್ನುತ್ತಾರೆ. ‘ನನಗೆ ಬರ್ತಾ ಇಲ್ಲ’. ಇದನ್ನು ಮೊದಲ ಸಲ ಕೇಳಿದಾಗ ಮನೆಗೆ ಬಂದ ಹಾಗಾಯಿತು ನನಗೆ.

ಇನ್ನೊಂದು ಇದೇ ಜಾತಿಯದು. ಫೋನಿನಲ್ಲಿ ‘ನನ್ನ ಮಾತು ಕೇಳಿಸ್ತಿದೆಯಾ’ ಎಂದು ಕೇಳಲು ಪೊತೇರೆ ತರಬೇಡಿ. ‘ಮಿ ಸೆಂತಿ?’ ಸಾಕು. ‘ನಿಮಗೆ ಇಟಾಲಿಯನ್ ಬರುತ್ತಾ’ ಎನ್ನಲು ‘ಪಾರ್ಲಾ ಇತಾಲ್ಯಾನೊ?’ ಸಾಕು. ಇಂಗ್ಲಿಷ್ ಇಲ್ಲೆಲ್ಲ ಕ್ಯಾನ್ ತುರುಕುತ್ತದೆ, ನಾವು ಮತ್ತು ಇವರು ತುರುಕುವುದಿಲ್ಲ.

ಕರಾವಳಿಯ ಸಿಸ್ಟರ್, ರೋಮ್

ನಾನು ಮಂಗಳೂರು ಕಡೆಯವಳು. ರೋಮ್‌ನಲ್ಲಿ ವಯಸ್ಸಾದವರ ಮನೆಯೊಂದರಲ್ಲಿ ನರ್ಸ್. ನೀವೆಲ್ಲ ಮೂರನೆಯದನ್ನು ಬಿಟ್ಟಿದ್ದೀರಿ. ನನ್ನ ಕೆಲಸದಲ್ಲಿ ಅದೇ ಮುಖ್ಯ.

ರಿಯುಶ್ಶೀರೆ. ‘ಉಶ್ಶೀರೆ’ ಎಂದರೆ ಹೊರಗೆ ಬರುವುದು. ‘ರಿ’ ಸೇರಿದಾಗ ಕಷ್ಟದಿಂದ ಹೊರಬಂದು ಮಾಡಿ ಮುಗಿಸುವುದು ಎಂದಾಗುತ್ತದೆ. ಪ್ರಯತ್ನ ಮಾಡಿದರೆ ಆಗುತ್ತದೋ ಇಲ್ಲವೋ ಎಂಬುದು ಇದರ ವಿಷಯ. ನಿದ್ದೆ ಬಾರದವರು ‘ನೊನ್ ರಿಯೇಸ್ಕೊ ಆ ದೊರ್ಮೀರೆ’ ಎನ್ನುತ್ತಾರೆ. ಮುಚ್ಚಳ ತೆಗೆಯಲಾಗದೆ ಬಾಟಲಿಯನ್ನು ನನ್ನ ಕೈಗೆ ಕೊಟ್ಟು ‘ನೊನ್ ಚಿ ರಿಯೇಸ್ಕೊ’ ಎನ್ನುತ್ತಾರೆ. ಮುಂದೆ ಕ್ರಿಯಾಪದ ಬಂದರೆ ನಡುವೆ ‘ಆ’ ಬೇಕು, ಮರೆಯಬೇಡಿ. ಪೊತೇರೆಗೂ ಸಪೇರೆಗೂ ಅದು ಬೇಡ.

ಒಂದು ದಿನದ ಅನುಭವ ಹೇಳುತ್ತೇನೆ. ಸೊಂಟದ ಆಪರೇಷನ್ ಆದ ಅಜ್ಜಿಯೊಬ್ಬರು ನಮ್ಮಲ್ಲಿದ್ದರು. ಹಾಸಿಗೆಯಿಂದ ತಾನೇ ಏಳುವಷ್ಟು ಗಟ್ಟಿಗಿತ್ತಿ. ಆದರೆ ಡಾಕ್ಟರು ಇನ್ನೂ ಏಳಕೂಡದು ಎಂದಿದ್ದರು. ಪಾಳಿ ಬದಲಾಗುವಾಗ ನಾನು ಪುಸ್ತಕದಲ್ಲಿ ‘ಪುವೋ ಅಲ್ತ್ಸಾರ್ಸಿ’ ಎಂದು ಬರೆದೆ (‘ಪುವೋ’ ಪೊತೇರೆಯ ‘ಅವನು, ಅವಳು’ ರೂಪ). ಅಜ್ಜಿಗೆ ಏಳೋಕಾಗುತ್ತೆ ಎಂಬುದು ನನ್ನ ಮನಸ್ಸಿನಲ್ಲಿದ್ದ ಅರ್ಥ. ರಾತ್ರಿ ಪಾಳಿಗೆ ಬಂದವರು ಅದನ್ನು ‘ಏಳಬಹುದು, ಅನುಮತಿ ಸಿಕ್ಕಿದೆ’ ಎಂದು ಓದಿಕೊಂಡರು. ಅದೃಷ್ಟಕ್ಕೆ ಅವರು ಫೋನ್ ಮಾಡಿ ಕೇಳಿದರು, ಏನೂ ಅನಾಹುತ ಆಗಲಿಲ್ಲ. ಬರೆಯಬೇಕಿದ್ದದ್ದು ‘ರಿಯೇಶ್ಶೆ ಅದ್ ಅಲ್ತ್ಸಾರ್ಸಿ, ಮಾ ನೊನ್ ಪುವೋ’. ಏಳೋಕೆ ಆಗುತ್ತೆ, ಆದರೆ ಏಳಬಾರದು. ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ. ಅಂದಿನಿಂದ ಈ ಎರಡು ಪದಗಳನ್ನು ಬರೆಯುವಾಗ ಕೈ ಒಂದು ಗಳಿಗೆ ನಿಲ್ಲುತ್ತದೆ.

ನಡೆಯಲು ಕಲಿಸುವಾಗ ದಿನಕ್ಕೆ ನೂರು ಸಲ ‘ಚೆ ಲಾ ಫಾ?’ ಎಂದು ಕೇಳುತ್ತೇವೆ. ಆಗುತ್ತಾ, ಸುಧಾರಿಸಿಕೊಳ್ಳುತ್ತೀರಾ ಎಂದು. ‘ಚೆ ಲಾ ಫಾಚ್ಚೊ’ ಎಂದರೆ ಆಗುತ್ತೆ. ‘ನೊನ್ ಚೆ ಲಾ ಫಾಚ್ಚೊ ಪ್ಯೂ’ ಎಂದರೆ ಇನ್ನು ನನ್ನ ಕೈಲಿ ಆಗಲ್ಲ. ಈ ಕೊನೆಯ ಮಾತನ್ನು ಯಾರಾದರೂ ಹೇಳಿದರೆ ಕೆಲಸ ಬಿಟ್ಟು ಪಕ್ಕದಲ್ಲಿ ಕೂರಬೇಕು.

ಧಾರವಾಡದ ಕನ್ನಡ ಮೇಷ್ಟ್ರು

ಸಿಸ್ಟರ್, ನಿಮ್ಮ ಮಾತು ಓದಿ ‘ನಡೆಯಲಾರೆ’ ನೆನಪಾಯಿತು. ‘ಆರೆ’ ಎಂದರೆ ಶಕ್ತಿ ಸಾಲದು. ‘ನಡೆಯಲು ಬಾರದು’ ಬೇರೆ, ‘ನಡೆಯಲಾರೆ’ ಬೇರೆ, ‘ನಡೆಯಕೂಡದು’ ಬೇರೆ. ಪುಟ್ಟ ಮಗುವಿಗೆ ಒಂದು, ಸುಸ್ತಾದವನಿಗೆ ಒಂದು, ಡಾಕ್ಟರು ತಡೆದವನಿಗೆ ಒಂದು. ನೊನ್ ಸಾ, ನೊನ್ ರಿಯೇಶ್ಶೆ, ನೊನ್ ಪುವೋ. ಮೂರಕ್ಕೆ ಮೂರು ಹೊಂದುತ್ತವೆ.

ಒಂಬತ್ತು ವರ್ಷ ಮಿಲಾನ್

ಇಷ್ಟು ಅಚ್ಚುಕಟ್ಟಾಗಿ ಹೊಂದುವುದಿಲ್ಲ ಮೇಷ್ಟ್ರೇ, ಕ್ಷಮಿಸಿ. ಪೊತೇರೆಯ ಹೊಲ ದೊಡ್ಡದು. ‘ನೊನ್ ಪೋಸ್ಸೊ ವೆನೀರೆ’ ಎಂದು ಇಲ್ಲಿ ದಿನಾ ಕೇಳುತ್ತೇನೆ. ಅದರಲ್ಲಿ ಯಾರ ಅನುಮತಿಯೂ ಇಲ್ಲ. ಬರೋಕಾಗಲ್ಲ, ಕೆಲಸ ಇದೆ, ಅಷ್ಟೇ. ನಮ್ಮ ‘ಆಗಲ್ಲ’ ಅರ್ಧ ಪೊತೇರೆಗೆ, ಅರ್ಧ ರಿಯುಶ್ಶೀರೆಗೆ ಹಂಚಿಹೋಗುತ್ತದೆ. ಅಡ್ಡಿ ಹೊರಗಿದ್ದರೆ ಪೊತೇರೆ. ಪ್ರಯತ್ನ ಪಟ್ಟೂ ಕೈಗೂಡದಿದ್ದರೆ ರಿಯುಶ್ಶೀರೆ. ಕೆಲವು ಕಡೆ ಎರಡೂ ನಡೆಯುತ್ತವೆ. ‘ನಾಳೆ ಐದಕ್ಕೆ ಬರೋಕಾಗುತ್ತಾ’ ಎಂದು ಸ್ನೇಹಿತರಿಗೆ ಕೇಳಲು ‘ರಿಯೇಶ್ಶಿ ಆ ವೆನೀರೆ?’ ಎಂದರೆ ‘ಹೇಗಾದರೂ ಹೊಂದಿಸಿಕೊಳ್ಳೋಕಾಗುತ್ತಾ’ ಎಂಬ ಮೃದುತನ ಬರುತ್ತದೆ. ‘ಪುವೋಯಿ ವೆನೀರೆ?’ ಎಂದರೂ ತಪ್ಪಿಲ್ಲ.

ಧಾರವಾಡದ ಕನ್ನಡ ಮೇಷ್ಟ್ರು

ಒಪ್ಪಿದೆ. ನಾನು ಅಂಚನ್ನು ತುಸು ಜಾಸ್ತಿಯೇ ನೇರ ಮಾಡಿದೆ.

ಲೈಸೆನ್ಸ್ ಪರೀಕ್ಷೆಗೆ ಕೂತವ

ನಾನು ಬ್ರೆಶ್ಶಾ ಹತ್ತಿರ ಗೋದಾಮಿನಲ್ಲಿ ಕೆಲಸ ಮಾಡುತ್ತೇನೆ. ಈ ಚರ್ಚೆ ನನಗೆ ಎರಡು ತಿಂಗಳ ಹಿಂದೆ ಸಿಕ್ಕಿದ್ದರೆ ಚೆನ್ನಾಗಿತ್ತು.

ಇಲ್ಲಿ ವಾಸದ ನೋಂದಣಿಯಾಗಿ ಒಂದು ವರ್ಷ ದಾಟಿದರೆ ನಮ್ಮ ಭಾರತದ ಲೈಸೆನ್ಸ್ ನಡೆಯುವುದಿಲ್ಲ, ಬದಲಿಸಿ ಕೊಡುವ ಒಪ್ಪಂದವೂ ಇಲ್ಲ. ಹೊಸದಾಗಿ ಪರೀಕ್ಷೆ ಬರೆಯಬೇಕು. 30 ವಾಕ್ಯ, 20 ನಿಮಿಷ. ಪ್ರತಿಯೊಂದೂ ಸರಿಯೋ ತಪ್ಪೋ ಹೇಳಬೇಕು. 3 ತಪ್ಪಿನವರೆಗೆ ಪಾಸು, ನಾಲ್ಕಾದರೆ ಮತ್ತೆ. ಆಓಸ್ತಾ ಕಣಿವೆಯಲ್ಲಿ ಫ್ರೆಂಚ್, ಬೊಲ್ತ್ಸಾನೊ ಕಡೆ ಜರ್ಮನ್ ಆಯ್ಕೆ ಇದೆ. ನಮಗೆಲ್ಲ ಇಟಾಲಿಯನ್ನೇ.

ಅಲ್ಲಿ ಸಂಚಾರದ ನಿಯಮಕ್ಕಿಂತ ಕ್ರಿಯಾಪದವೇ ನನ್ನನ್ನು ಬೀಳಿಸಿತು. ‘ಪುವೋ’ ಎಂದಿದೆಯೋ ‘ದೇವೆ’ ಎಂದಿದೆಯೋ ಎಂಬುದರ ಮೇಲೆ ಉತ್ತರ ತಿರುಗುತ್ತದೆ. ಪುವೋ ಎಂದರೆ ಮಾಡಬಹುದು, ದೇವೆ ಎಂದರೆ ಮಾಡಲೇಬೇಕು. ಜೊತೆಗೆ ‘ಎ ಕೊನ್ಸೆಂತೀತೊ’, ಅವಕಾಶ ಇದೆ. ‘ಎ ವ್ಯೆತಾತೊ’, ನಿಷೇಧ. ‘ನೊನ್’ ಎಲ್ಲಿ ಕೂತಿದೆ ಎಂಬುದು ಎಲ್ಲಕ್ಕಿಂತ ಕಷ್ಟ. ‘ನೊನ್ ಪುವೋ’ ಮತ್ತು ‘ಪುವೋ ನೊನ್’ ಎರಡೂ ಒಂದೇ ಎಂದುಕೊಂಡಿದ್ದೆ. ಮೊದಲ ಸಲ ಫೇಲಾದೆ.

ಒಂಬತ್ತು ವರ್ಷ ಮಿಲಾನ್

ಇದು ತುಂಬ ಮುಖ್ಯ. ರಸ್ತೆಯ ಎರಡು ಫಲಕಗಳನ್ನೇ ತೆಗೆದುಕೊಳ್ಳಿ. ತಲೆಕೆಳಗಾದ ತ್ರಿಕೋನ ಇದ್ದರೆ ಅಡ್ಡರಸ್ತೆಯಲ್ಲಿ ಬರುವವರಿಗೆ ದಾರಿ ಬಿಡಬೇಕು. ಯಾರೂ ಬರುತ್ತಿಲ್ಲದಿದ್ದರೆ ‘ಪುವೋ ನೊನ್ ಫೆರ್ಮಾರ್ಸಿ’. ನಿಲ್ಲಿಸದೇ ಇರಬಹುದು. ಸ್ಟಾಪ್ ಫಲಕ ಇದ್ದರೆ ರಸ್ತೆ ಖಾಲಿ ಇದ್ದರೂ ‘ನೊನ್ ಪುವೋ ನೊನ್ ಫೆರ್ಮಾರ್ಸಿ’. ನಿಲ್ಲಿಸದೇ ಇರೋ ಹಾಗಿಲ್ಲ. ಇನ್ನು ನಿಲ್ಲಿಸಬಾರದ ಜಾಗದಲ್ಲಿ ‘ನೊನ್ ಪುವೋ ಫೆರ್ಮಾರ್ಸಿ’. ನಿಲ್ಲಿಸೋ ಹಾಗಿಲ್ಲ.

ಕನ್ನಡದಲ್ಲಿ ಒಮ್ಮೆ ಹೇಳಿಕೊಂಡರೆ ಗಂಟು ಬಿಚ್ಚುತ್ತದೆ. ‘ನೊನ್’ ಯಾವ ಪದಕ್ಕಿಂತ ಮೊದಲು ಬಂತೋ ಅದನ್ನೇ ಅಲ್ಲಗಳೆಯುತ್ತದೆ. ಪುವೋಗಿಂತ ಮೊದಲು ಬಂದರೆ ‘ಬಾರದು’. ಪುವೋ ಆದ ಮೇಲೆ ಬಂದರೆ ‘ಇಲ್ಲದೇ ಇರಬಹುದು’.

ಕರಾವಳಿಯ ಸಿಸ್ಟರ್, ರೋಮ್

ನಮ್ಮ ಊರಿನಲ್ಲಿ ಇದಕ್ಕೆ ಬೇರೆಯೇ ರೂಪ ಇದೆ. ‘ಅವರು ಇವತ್ತು ಬರಲಿಕ್ಕಿಲ್ಲ’ ಎನ್ನುತ್ತೇವೆ. ಬಹುಶಃ ಬರುವುದಿಲ್ಲ ಎಂದು. ಬರಬಾರದು ಎಂದಲ್ಲ. ಇದನ್ನು ನಾನು ‘ಪುವೋ ದಾರ್ಸಿ ಕೆ ನೊನ್ ವೆಂಗಾ’ ಎಂದು ಕಲಿತೆ.

ಹಾಸನದ ಹುಡುಗಿ

‘ಪುವೋ ದಾರ್ಸಿ’ ಎಲ್ಲ ಕಡೆ ಕೇಳುತ್ತಿದ್ದೇನೆ. ಇದೂ ಪೊತೇರೆಯೇ? ‘ವೆಂಗಾ’ ಯಾಕೆ? ‘ವ್ಯೇನೆ’ ಯಾಕಲ್ಲ?

ಧಾರವಾಡದ ಕನ್ನಡ ಮೇಷ್ಟ್ರು

ಪೊತೇರೆಯೇ. ಬಿಡಿಸಿದರೆ ‘ಒದಗಬಹುದು’ ಎಂಬಂತೆ. ನಮ್ಮ ‘ಇರಬಹುದು’, ‘ಇದ್ದರೂ ಇರಬಹುದು’. ಅದಾದ ಮೇಲೆ ‘ಕೆ’ ಬಂದರೆ ಮುಂದಿನ ಕ್ರಿಯಾಪದ ಸಂದೇಹದ ರೂಪಕ್ಕೆ ಹೋಗುತ್ತದೆ. ಖಚಿತವಲ್ಲದ್ದಕ್ಕೆ ಇಟಾಲಿಯನ್‌ನಲ್ಲಿ ಬೇರೆ ಬಟ್ಟೆ ಇದೆ ಎಂದುಕೊಳ್ಳಿ. ವ್ಯೇನೆ ಎಂದರೆ ಬರುತ್ತಾನೆ. ವೆಂಗಾ ಎಂದರೆ ನಮ್ಮ ‘ಬಂದಾನು’. ‘ಬಿದ್ದೀಯ, ಹುಷಾರು’ ಎನ್ನುವಾಗಿನ ‘ಬಿದ್ದೀಯ’ ನಮ್ಮಲ್ಲೂ ಇದೆಯಲ್ಲ. ಪೂರ್ತಿ ಒಂದೇ ಅಲ್ಲ, ಆದರೆ ಭಾವ ಹತ್ತಿರದ್ದು.

ಮಳೆ ಬಂದರೂ ಬಂದೀತು ಎನ್ನಲು ‘ಪೊತ್ರೆಬ್ಬೆ ಪ್ಯೋವೆರೆ’. ಮೊಮ್ಮಗ ಕಿಟಕಿ ನೋಡಿ ದಿನಾ ಇದನ್ನು ಹೇಳುತ್ತಾನೆ.

ಒಂಬತ್ತು ವರ್ಷ ಮಿಲಾನ್

ಆ ‘ಪೊತ್ರೆಬ್ಬೆ’ ರೂಪ ಕಲಿತರೆ ಮರ್ಯಾದೆಯ ಮಾತೂ ಬರುತ್ತದೆ. ‘ಪೊತ್ರೆಬ್ಬೆ ರಿಪೇತೆರೆ?’ ಎಂದರೆ ಇನ್ನೊಮ್ಮೆ ಹೇಳುತ್ತೀರಾ. ಸ್ನೇಹಿತರಿಗಾದರೆ ‘ಪೊತ್ರೇಸ್ತಿ ಅಯುತಾರ್ಮಿ?’, ನನಗೆ ಸಹಾಯ ಮಾಡ್ತೀಯಾ. ದಾರಿ ಕೇಳಲು ನನಗೆ ಬಹಳ ಇಷ್ಟವಾದದ್ದು ಸಪೇರೆಯ ರೂಪ. ‘ಮಿ ಸಪ್ರೆಬ್ಬೆ ದೀರೆ ದೊವೇ ಲಾ ಸ್ತಾತ್ಸ್ಯೋನೆ?’ ಸ್ಟೇಷನ್ ಎಲ್ಲಿದೆ ಎಂದು ನಿಮಗೆ ಗೊತ್ತಿದ್ದರೆ ಹೇಳುತ್ತೀರಾ ಎಂಬಂತೆ. ಗೊತ್ತಿಲ್ಲದಿದ್ದರೂ ಎದುರಿನವರಿಗೆ ಮುಜುಗರ ಆಗದ ಹಾಗೆ ಕೇಳುವ ರೀತಿ ಇದು.

ಕಾಫಿ ಕೇಳಲು ಮಾತ್ರ ‘ಪೋಸ್ಸೊ ಅವೇರೆ’ (ನನಗೆ ಸಿಗಬಹುದಾ) ಎನ್ನುವ ಅಗತ್ಯ ಇಲ್ಲ. ಅದು ಇಂಗ್ಲಿಷ್‌ನಿಂದ ಬಂದ ಹಾಗೆ ಕೇಳಿಸುತ್ತದೆ. ‘ಉನ್ ಕಫ್ಫೇ, ಪೆರ್ ಫವೋರೆ’ ಸಾಕು.

ಯಾರದಾದರೂ ಮನೆಗೆ ಹೋದರೆ, ಅವರೇ ಬಾಗಿಲು ತೆರೆದು ಕರೆದಿದ್ದರೂ, ಹೊಸ್ತಿಲಲ್ಲಿ ‘ಪೆರ್ಮೆಸ್ಸೊ?’ ಎನ್ನಿ. ಒಳಗೆ ಬರಲಾ ಎಂದು. ‘ಅವಾಂತಿ!’ ಎನ್ನುತ್ತಾರೆ. ನಮ್ಮ ವಾಸದ ಪರವಾನಗಿ ಕಾಗದದ ಹೆಸರಿನಲ್ಲೂ ಅದೇ ಪದ ಇದೆ, ಪೆರ್ಮೆಸ್ಸೊ ದಿ ಸೊಜ್ಜೋರ್ನೊ. ದೇಶಕ್ಕೆ ಬಂದ 8 ಕೆಲಸದ ದಿನಗಳೊಳಗೆ ಅದಕ್ಕೆ ಅರ್ಜಿ ಹಾಕಬೇಕು.

ಲೈಸೆನ್ಸ್ ಪರೀಕ್ಷೆಗೆ ಕೂತವ

ಗೋದಾಮಿನಲ್ಲಿ ಎಲ್ಲ ಕಡೆ ‘ಸಿ ಪುವೋ’, ‘ನೊನ್ ಸಿ ಪುವೋ’. ಯಾರು ಎಂದು ಹೇಳುವುದೇ ಇಲ್ಲ. ‘ಕ್ವಿ ನೊನ್ ಸಿ ಪುವೋ ಫುಮಾರೆ’ ಎಂದರೆ ‘ಇಲ್ಲಿ ಸಿಗರೇಟು ಸೇದೋ ಹಾಗಿಲ್ಲ’. ನಮ್ಮ ‘ಹಾಗಿಲ್ಲ’ಕ್ಕೂ ಯಾರು ಎಂಬುದು ಬೇಡ ನೋಡಿ. ಇಲ್ಲಿ ಹೋಟೆಲು, ಕಚೇರಿಗಳ ಒಳಗೆ 2005ರ ಜನವರಿ 10ರಿಂದಲೇ ಸೇದುವಂತಿಲ್ಲ ಎಂದು ಹಳೆಯ ಕೆಲಸಗಾರರೊಬ್ಬರು ನೆನಪಿಟ್ಟುಕೊಂಡು ಹೇಳಿದರು.

ಆಗಿಹೋದದ್ದನ್ನು ಹೇಳುವಾಗ ನನಗೆ ಇನ್ನೂ ತೊಡಕು. ‘ಪೊತೇವೊ’ ಮತ್ತು ‘ಒ ಪೊತೂತೊ’ ನಡುವೆ ಏನು ವ್ಯತ್ಯಾಸ?

ಧಾರವಾಡದ ಕನ್ನಡ ಮೇಷ್ಟ್ರು

ಮಗಳು ನನಗೆ ಬೈಯುತ್ತಾ ಕಲಿಸಿದ್ದು ಇದು. ಬೊಲೋಞಾಕ್ಕೆ ಹೋದಾಗ ವಿಮಾನದ ವೇಳೆ ಬದಲಾದದ್ದನ್ನು ಅವಳಿಗೆ ಹೇಳಿರಲಿಲ್ಲ. ‘ಪೊತೇವಿ ದೀರ್ಮೆಲೊ!’ ಎಂದಳು. ‘ಹೇಳಬಹುದಿತ್ತಲ್ಲಾ!’ ಅವಕಾಶ ಇತ್ತು, ಮಾಡಲಿಲ್ಲ. ಪೊತೇವೊ, ಪೊತೇವಿ ಎಂಬ ರೂಪ ನಮ್ಮ ‘ಬಹುದಿತ್ತು’. ಮಾಡಿದರೋ ಇಲ್ಲವೋ ಅದು ಹೇಳುವುದಿಲ್ಲ. ‘ಒ ಪೊತೂತೊ’ ಎಂದರೆ ಅವಕಾಶ ಸಿಕ್ಕಿತು, ಮಾಡಿಯೂ ಆಯಿತು.

ಸಪೇರೆಯದು ಇನ್ನೂ ಚೆಂದ. ‘ಸಪೇವೊ’ ಎಂದರೆ ನನಗೆ ಮೊದಲೇ ಗೊತ್ತಿತ್ತು. ‘ಒ ಸಪೂತೊ’ ಎಂದರೆ ಆಗ ಗೊತ್ತಾಯಿತು, ಸುದ್ದಿ ಸಿಕ್ಕಿತು.

ಕರಾವಳಿಯ ಸಿಸ್ಟರ್, ರೋಮ್

ಒಂದು ಎಚ್ಚರಿಕೆ. ‘ಬರೋಕಾಗಲಿಲ್ಲ’ ಎನ್ನಲು ‘ನೊನ್ ಸೋನೊ ಪೊತೂತಾ ವೆನೀರೆ’ ಎಂದು ಹೇಳಿಕೊಟ್ಟರು. ಆಗಿಹೋದದ್ದನ್ನು ಹೇಳುವಾಗ ವೆನೀರೆಗೆ ‘ಒ’ ಬದಲು ‘ಸೋನೊ’ ಎಂಬ ಸಹಾಯಕ ಕ್ರಿಯಾಪದ ಬೇಕಾದ್ದರಿಂದ ಪೊತೂತಾಗೂ ಅದೇ. ‘ತಿನ್ನೋಕಾಗಲಿಲ್ಲ’ ಎಂದರೆ ‘ನೊನ್ ಒ ಪೊತೂತೊ ಮಂಜಾರೆ’.

ಒಂಬತ್ತು ವರ್ಷ ಮಿಲಾನ್

ಸರಿ. ಮಾತಿನಲ್ಲಿ ‘ನೊನ್ ಒ ಪೊತೂತೊ ವೆನೀರೆ’ ಎಂದೂ ಧಾರಾಳವಾಗಿ ಹೇಳುತ್ತಾರೆ, ಯಾರೂ ತಪ್ಪು ಹಿಡಿಯುವುದಿಲ್ಲ. ಆದರೆ ಪರೀಕ್ಷೆಯಲ್ಲಿ ಸಿಸ್ಟರ್ ಹೇಳಿದ್ದನ್ನೇ ಬರೆಯಿರಿ. ದೀರ್ಘಾವಧಿಯ ವಾಸದ ಪರವಾನಗಿಗೆ ಎ2 ಮಟ್ಟ (ಯುರೋಪಿನ ಭಾಷಾ ಅಳತೆಯಲ್ಲಿ ಎರಡನೇ ಮೆಟ್ಟಿಲು), ಪೌರತ್ವಕ್ಕೆ 2018ರಿಂದ ಬಿ1 ಮಟ್ಟದ (ಅದರ ಮುಂದಿನ ಮೆಟ್ಟಿಲು) ಇಟಾಲಿಯನ್ ಕೇಳುತ್ತಾರೆ. ಇಲ್ಲೇ ಉಳಿಯುವ ಯೋಚನೆ ಇರುವವರು ಈಗಿನಿಂದಲೇ ರೂಢಿ ಮಾಡಿಕೊಳ್ಳುವುದು ಒಳ್ಳೆಯದು.

ರಿಯುಶ್ಶೀರೆಗೆ ಮಾತ್ರ ಯಾವಾಗಲೂ ಸೋನೊ. ಹೊರಗೆ ಬರುವ ಪದದಿಂದ ಹುಟ್ಟಿದ್ದಲ್ಲವೇ.

ಹಾಸನದ ಹುಡುಗಿ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಅದೇ ಈಜುಕೊಳಕ್ಕೆ, ಅದೇ ಕೌಂಟರಿಗೆ ಹೋದೆ. ಬಾಗಿಲಲ್ಲಿ ನಿಂತು ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳಿಕೊಂಡೆ. ಈಜು ಬರಲ್ಲ. ಸೇರಬಹುದಾ? ಆಮೇಲೆ ‘ನೊನ್ ಸೊ ನುವೊತಾರೆ. ಪೋಸ್ಸೊ ಇಸ್ಕ್ರಿವೆರ್ಮಿ?’ ಎಂದೆ. ‘ಚೆರ್ತೊ!’ ಎಂದು ಫಾರಂ ಕೊಟ್ಟರು. ಅವರಿಗೆ ನನ್ನ ನೆನಪಿತ್ತು. ಆರೋಗ್ಯ ಸರಿ ಇದೆ ತಾನೇ ಎಂದು ಮತ್ತೆ ಕೇಳಿದರು. ಹಾಗೆ ಕೇಳಿದ್ದು ನನಗೆ ಖುಷಿಯಾಯಿತು.

ನಾಲ್ಕು ಕ್ಲಾಸ್ ಆಯಿತು. ಹೇಳಿಕೊಡುವವರು ಪಕ್ಕದಲ್ಲೇ ನಿಂತು ‘ಚೆ ಲಾ ಫಾಯ್?’ ಎಂದು ಕೇಳುತ್ತಿರುತ್ತಾರೆ. ನಿನ್ನೆ ಮೊದಲ ಸಲ ಯಾರ ಕೈಯನ್ನೂ ಹಿಡಿಯದೆ ನೀರಿನ ಮೇಲೆ ತೇಲಿದೆ. ಮನೆಗೆ ಬಂದು ಡೈರಿಯಲ್ಲಿ ‘ಸೋನೊ ರಿಯುಶ್ಶೀತೊ ಆ ಗಲ್ಲೆಜ್ಜಾರೆ’ ಎಂದು ಬರೆದೆ.

ಕರಾವಳಿಯ ಸಿಸ್ಟರ್, ರೋಮ್

ತುಂಬ ಸಂತೋಷ ಆಯಿತು ಮಗಳೇ. ‘ರಿಯುಶ್ಶೀತಾ’. ಹುಡುಗಿಗೆ ಕೊನೆಯಲ್ಲಿ ಆ.